ಟಾನ್ಸಿಲ್ ಸ್ಟೋನ್ ಮನೇಲೇ ತೆಗೆಯೋಕೆ ಯಾವ ಟೂಲ್ ತಗೊಳ್ಳಲಿ? ಮತ್ತೆ ಬರದಂಗೆ ಯಾವ ಮೌತ್‌ವಾಶ್ ಒಳ್ಳೇದು?

ಟೂಲ್ ಯಾವುದೂ ಬೇಡ, ದಯವಿಟ್ಟು. ಕನ್ನಡಿ ಮುಂದೆ ನಿಂತು ಒತ್ತಿ ತೆಗೀತೀನಿ, 15 ದಿನಕ್ಕೆ ಮತ್ತೆ ಬರುತ್ತೆ ಅಂತ ಬರ್ದಿದ್ದೀರಲ್ಲ, ಓದ್ತಿದ್ದಂಗೆ 2019ರಲ್ಲಿ ನಾನು ಹೆಂಗಿದ್ದೆ ಅನ್ನೋದು ಕಣ್ಮುಂದೆ ಬಂತು.

ನಾನು ಹೈಸ್ಕೂಲ್ ಟೀಚರ್, ತುಮಕೂರು ಕಡೆ. ದಿನಕ್ಕೆ ಐದಾರು ಪೀರಿಯಡ್ ಮಾತಾಡ್ಬೇಕು, ಸ್ಕೂಲಲ್ಲಿ ಟಾಯ್ಲೆಟ್ ಸರಿ ಇಲ್ಲ ಅಂತ ಬೆಳಿಗ್ಗೆಯಿಂದ ಸಂಜೆವರೆಗೂ ಅರ್ಧ ಬಾಟಲ್ ನೀರೂ ಕುಡೀತಿರ್ಲಿಲ್ಲ. ಒಂದಿನ ಕೆಮ್ಮಿದಾಗ ಅನ್ನದ ಅಗುಳಿನ ಥರ ಹಳದಿ ಬಣ್ಣದ್ದು ಏನೋ ಬಂತು, ಬೆರಳಲ್ಲಿ ಒತ್ತಿದ್ರೆ ಕೊಳೆತ ಮೊಟ್ಟೆ ನಾತ. ಅದೇ ಟಾನ್ಸಿಲ್ ಸ್ಟೋನ್, ಗಂಟಲಿನ ಎರಡೂ ಬದಿ ಇರೋ ಟಾನ್ಸಿಲ್ ಗಡ್ಡೆಯಲ್ಲಿ ಕಟ್ಟೋ ಸಣ್ಣ ಕಲ್ಲು. ಅವತ್ತಿಂದ ಮಕ್ಕಳ ನೋಟ್‌ಬುಕ್ ತಿದ್ದುವಾಗ್ಲೂ ಸೆರಗು ಬಾಯಿಗೆ ಅಡ್ಡ ಇಟ್ಕೊಂಡೇ ಮಾತಾಡ್ತಿದ್ದೆ.

ಈಗ ನಾನು ಮಾಡಿದ ತಪ್ಪು. ಭಾನುವಾರ ಸಾಯಂಕಾಲ ಮೊಬೈಲ್ ಟಾರ್ಚ್ ಹಾಕ್ಕೊಂಡು ನೋಡಿದ್ರೆ ಬಲಗಡೆ ಟಾನ್ಸಿಲ್ ಮಡಿಕೆ ಹಿಂದೆ ಅರ್ಧ ಕಲ್ಲು ಕಾಣಿಸ್ತಿತ್ತು, ಇಯರ್‌ಬಡ್‌ನಲ್ಲಿ ಒತ್ತಿದ್ರೆ ಇನ್ನೂ ಒಳಗೆ ಹೋಯ್ತು, ಸರಿ ಅಂತ ಹೇರ್‌ಪಿನ್ ತಗೊಂಡೆ. ಮೊಂಡು ತುದಿ ತಾನೆ, ಬಿಸಿನೀರಲ್ಲಿ ತೊಳೆದಿದ್ದೀನಿ, ಏನೂ ಆಗಲ್ಲ ಅಂತ ನಂಬ್ಕೊಂಡಿದ್ದೆ. ಆದ್ರೆ ಪಿನ್ ಮೊಂಡಾ ಚೂಪಾ ಅನ್ನೋದು ಮುಖ್ಯ ಅಲ್ವೇ ಅಲ್ಲ. ಗಂಟಲಿನ ಆ ಜಾಗ ಮುಟ್ಟಿದ್ರೆ ಹೆಚ್ಚಿನವರಿಗೆ ವಾಕರಿಕೆ ಬರುತ್ತೆ, ಬಂದಾಗ ತಲೆ ತಾನಾಗೇ ಮುಂದಕ್ಕೆ ಎಗರುತ್ತೆ, ಕೈ ಮಾತ್ರ ಅಲ್ಲೇ ಇರುತ್ತೆ. ಅಂದ್ರೆ ಚುಚ್ಚಿದ್ದು ನನ್ನ ಕೈ ಅಲ್ಲ, ಗಂಟಲೇ ಬಂದು ಪಿನ್‌ಗೆ ಚುಚ್ಕೊಳ್ತು. ಎಷ್ಟೇ ನಿಧಾನವಾಗಿ ಮಾಡಿದ್ರೂ ಇದು ನಿಮ್ಮ ಹಿಡಿತದಲ್ಲಿ ಇರಲ್ಲ, ಅದಕ್ಕೇ ಇಷ್ಟು ಬಿಡಿಸಿ ಹೇಳ್ತಿರೋದು. ಟಾನ್ಸಿಲ್‌ಗೆ ರಕ್ತ ಜಾಸ್ತಿ ಹರಿಯುತ್ತೆ, ವಾಶ್‌ಬೇಸಿನ್ ಕೆಂಪಾಯ್ತು, ಐಸ್ ನೀರು ಮುಕ್ಕಳಿಸಿ ಮುಕ್ಕಳಿಸಿ ನಿಲ್ಲೋಷ್ಟ್ರಲ್ಲಿ ಕಾಲು ನಡುಗ್ತಿತ್ತು. ಮೂರನೇ ದಿನಕ್ಕೆ ಜ್ವರ, ಉಗುಳು ನುಂಗೋಕೂ ಆಗ್ತಿರ್ಲಿಲ್ಲ, ಒಂದು ವಾರ ರಜೆ, ಆಂಟಿಬಯಾಟಿಕ್. ಕಲ್ಲು ಮಾತ್ರ ಅಲ್ಲೇ ಇತ್ತು.

ಇಎನ್‌ಟಿ (ಕಿವಿ, ಮೂಗು, ಗಂಟಲು) ಡಾಕ್ಟರ್ ಗಂಟಲು ನೋಡಿದ್ಮೇಲೆ ಮೂಗಿನ ಬಗ್ಗೆ ಕೇಳೋಕೆ ಶುರು ಮಾಡಿದ್ರು. ರಾತ್ರಿ ಬಾಯಿ ತೆಗೆದು ಮಲಗ್ತೀರಾ? ಮೂಗಿಂದ ಗಂಟಲಿಗೆ ಕಫ ಇಳಿಯುತ್ತಾ? ಎರಡಕ್ಕೂ ಹೌದು. ಡಸ್ಟ್ ಅಲರ್ಜಿಗೆ ಅಂತ ನಾನೇ ಮೆಡಿಕಲ್ ಶಾಪಿಂದ ಸೆಟಿರಿಜಿನ್ ತಂದು ದಿನಾ ರಾತ್ರಿ ನುಂಗ್ತಿದ್ದೆ, ಅದು ಬಾಯಿ ಒಣಗಿಸುತ್ತೆ. ವಾಸನೆಗೆ ಅಂತ ಹಾಕ್ತಿದ್ದ ಮೌತ್‌ವಾಶಲ್ಲಿ ಆಲ್ಕೋಹಾಲ್ ಇತ್ತು, ಅದೂ ಒಣಗಿಸುತ್ತೆ. ಟಾನ್ಸಿಲ್ ಮೇಲೆ ಸಣ್ಣ ಸಣ್ಣ ಗುಳಿ ಇರುತ್ತಂತೆ, ಅದರಲ್ಲಿ ಊಟದ ಚೂರು, ಸತ್ತ ಜೀವಕೋಶ, ಕಫ ಸೇರ್ಕೊಳ್ಳುತ್ತೆ, ಗಾಳಿ ಆಡದ ಜಾಗದಲ್ಲಿ ಬೆಳೆಯೋ ಬ್ಯಾಕ್ಟೀರಿಯಾ ಗಂಧಕದ ಗ್ಯಾಸ್ ಬಿಡುತ್ತೆ, ನಾತ ಅದರದ್ದೇ. ಆಮೇಲೆ ಕ್ಯಾಲ್ಸಿಯಂ ಕೂತು ಗಟ್ಟಿ ಆಗುತ್ತೆ. ಇದನ್ನೆಲ್ಲ ತೊಳ್ಕೊಂಡು ಹೋಗ್ಬೇಕಾಗಿದ್ದ ಉಗುಳನ್ನೇ ನಾನು ಒಣಗಿಸ್ತಾ ಇದ್ದೆ. ಅದಕ್ಕೇ ಯಾವ ಮೌತ್‌ವಾಶ್ ಅನ್ನೋ ಪ್ರಶ್ನೆಯೇ ಸರಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ, ಮೌತ್‌ವಾಶ್ ಆ ಗುಳಿ ಒಳಗೆ ಸರಿಯಾಗಿ ಹೋಗೋದೂ ಇಲ್ಲ.

ಸೆಟಿರಿಜಿನ್ ನಿಲ್ಲಿಸಿ ಅವರು ಬರೆದ ನೇಸಲ್ ಸ್ಪ್ರೇ ಶುರು ಮಾಡಿದೆ. ಟೇಬಲ್ ಮೇಲೆ ನೀರಿನ ಬಾಟಲ್ ಇಟ್ಟು ಪೀರಿಯಡ್‌ಗೆ ಎರಡು ಗುಟುಕು. ಮಧ್ಯಾಹ್ನ ಊಟ ಆದ್ಮೇಲೆ ಬರೀ ನೀರಲ್ಲಿ ಗಾರ್ಗಲ್, ಬಾಯಿ ಮುಕ್ಕಳಿಸಿ ಉಗಿದ್ರೆ ಸಾಲದು, ತಲೆ ಹಿಂದಕ್ಕೆ ಹಾಕಿ ಗಂಟಲಲ್ಲಿ ಗೊರಗೊರ ಅನ್ನಿಸ್ಬೇಕು. ರಾತ್ರಿ ಬ್ರಶ್ ಮಾಡಿ ನಾಲಿಗೆ ಹೆರೆದು, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮತ್ತೆ ಗಾರ್ಗಲ್, ಆಮೇಲೆ ಹಾಲೂ ಕುಡಿಯಲ್ಲ. ಮೂರ್ನಾಲ್ಕು ತಿಂಗಳು ಹಿಡೀತು. ಈಗ ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತೆ, ಗಾರ್ಗಲ್ ಮಾಡುವಾಗ ತಾನೇ ಬೀಳುತ್ತೆ. ಬರಲೇಬಾರದು ಅಂತ ಹಠ ಬೇಡ, ಗುಳಿ ಇರೋವರೆಗೂ ಅಪರೂಪಕ್ಕೆ ಬರಬಹುದು, ತೊಂದರೆ ಕೊಡದ ಸಣ್ಣ ಕಲ್ಲನ್ನ ಅದರ ಪಾಡಿಗೆ ಬಿಡಬಹುದು.

ಟಾನ್ಸಿಲ್ಸೇ ತೆಗೆದುಬಿಡಿ ಸರ್ ಅಂತ ನಾನೂ ಕೇಳಿದ್ದೆ. ದೊಡ್ಡವರಿಗೆ 10ರಿಂದ 14 ದಿನ ಚೆನ್ನಾಗಿ ನೋವಿರುತ್ತೆ, ಆಪರೇಷನ್ ಆಗಿ ವಾರದ ಮೇಲೂ ರಕ್ತ ಬರೋ ಅಪಾಯ ಇದೆ, ಮೊದ್ಲು ಮೂಗು ಸರಿ ಮಾಡೋಣ ಅಂದ್ರು. ಸರಿಯಾಗೇ ಹೇಳಿದ್ರು ಅಂತ ಈಗ ಅನ್ಸುತ್ತೆ. ಆದ್ರೆ ಒಂದೇ ಕಡೆ ಟಾನ್ಸಿಲ್ ದೊಡ್ಡದಾಗಿದ್ರೆ, ರಕ್ತ ಬರ್ತಿದ್ರೆ, ಕತ್ತಲ್ಲಿ ಗಂಟು ಸಿಕ್ಕಿದ್ರೆ, ನುಂಗೋಕೆ ಕಷ್ಟ ಆಗಿ ಎರಡು ಮೂರು ವಾರ ಆದ್ರೂ ಹೋಗದೇ ಇದ್ರೆ ಅದನ್ನ ಕಲ್ಲು ಅಂದ್ಕೊಂಡು ಕೂರ್ಬೇಡಿ, ಹೊಗೆಸೊಪ್ಪು, ಎಲೆ ಅಡಿಕೆ, ಸಿಗರೇಟ್ ಅಭ್ಯಾಸ ಇರೋರಂತೂ ತಕ್ಷಣ ತೋರಿಸಿ.

ನಿಮ್ಮ ಮೂಗು ಹೇಗಿದೆ ಅಂತ ನೀವು ಬರ್ದೇ ಇಲ್ಲ. ಬೆಳಿಗ್ಗೆ ಏಳುವಾಗ ಬಾಯಿ ಒಣಗಿರುತ್ತಾ? ಹೌದು ಅಂದ್ರೆ ಟೂಲ್‌ಗೆ ಅಂತ ಇಟ್ಟಿರೋ ದುಡ್ಡು ಇಎನ್‌ಟಿ ಫೀಸ್‌ಗೆ ಇಟ್ಕೊಳ್ಳಿ, ಈ ವಾರವೇ ಹೋಗಿ ಬನ್ನಿ.