ನಿಮ್ಮೂರ ಹುಡುಗನಿಗೆ ಕಾಸರಗೋಡಿನಲ್ಲಿ ವಕೀಲರು ಎಲ್ಲಿ ಸಿಗುತ್ತಾರೆ?

ಅಣ್ಣ, ನೀವು ಬರೆದದ್ದು ಓದಿ ರಾತ್ರಿ ನಿದ್ದೆ ಬರಲಿಲ್ಲ. ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಹುಡುಗ. ಕೆಲಸದ ಜಾಗದಲ್ಲಿ ಗಲಾಟೆ, ಪೊಲೀಸ್ ಕೇಸ್, ಈಗ ರಿಮಾಂಡ್. ಊರಲ್ಲಿ ತಾಯಿ ಒಬ್ಬರೇ. ಯಾರೋ ಮಧ್ಯದವರು ಬಂದು 50,000 ರೂಪಾಯಿ ಕೊಟ್ಟರೆ ಬಿಡಿಸಿಕೊಡುತ್ತೇನೆ ಅಂದಿದ್ದಾರೆ. ದಯವಿಟ್ಟು ಆ ದುಡ್ಡಿಗೆ ಬಡ್ಡಿ ಸಾಲ ಮಾಡಬೇಡಿ. ಮೊದಲು ಇದನ್ನು ಓದಿ.

ಅವನು ಕಸ್ಟಡಿಯಲ್ಲಿದ್ದಾನೆ ಅಂದಮೇಲೆ ಅವನಿಗೆ ಉಚಿತ ವಕೀಲರು ಸಿಗಬೇಕು. ಇದು ಯಾರ ದಯೆಯೂ ಅಲ್ಲ, ಅವನ ಹಕ್ಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂನಲ್ಲೇ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಸ್ಟಡಿಯಲ್ಲಿ ಇರುವವರು, ಇವರ ಆದಾಯ ಎಷ್ಟು ಅಂತ ಯಾರೂ ನೋಡುವುದಿಲ್ಲ. ಆದಾಯದ ಮಿತಿ ಇರುವುದು ಇಂಥ ಗುಂಪುಗಳಿಗೆ ಸೇರದವರಿಗೆ. ಕರ್ನಾಟಕದವನು ಅನ್ನುವ ಕಾರಣಕ್ಕೆ ಅವನನ್ನು ಬಿಟ್ಟುಬಿಡುವ ಹಾಗೂ ಇಲ್ಲ.

ಈ ಉಚಿತ ವಕೀಲರನ್ನು ಕೊಡುವ ಕಾಸರಗೋಡಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇರುವುದು ವಿದ್ಯಾನಗರದ ಕೋರ್ಟ್ ಆವರಣದಲ್ಲಿ. ಕೇಸು ಕಾಞಂಗಾಡಿನ ಕಡೆಯದಾದರೆ ಅಲ್ಲಿನ ಹೊಸದುರ್ಗ ತಾಲೂಕು ಕಾನೂನು ಸೇವೆಗಳ ಸಮಿತಿಗೂ ಹೋಗಬಹುದು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಅವನೇ ಜೈಲಿನಿಂದ ಅರ್ಜಿ ಕೊಡಬಹುದು. ಮ್ಯಾಜಿಸ್ಟ್ರೇಟ್ ಎದುರು ಬಂದಾಗ, ‘ನನಗೆ ವಕೀಲರಿಲ್ಲ, ಇಡುವ ಶಕ್ತಿಯೂ ಇಲ್ಲ’ ಅಂತ ಬಾಯಲ್ಲೇ ಹೇಳಿದರೂ ಸಾಕು. ಆರೋಪಿಯನ್ನು ಮೊದಲ ಸಲ ಕೋರ್ಟಿಗೆ ತಂದಾಗಿನಿಂದಲೇ ಈ ಹಕ್ಕು ಇದೆ, ಅದನ್ನು ಅವನಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಉಚಿತ ವಕೀಲರು ಅಂದರೆ ಜನ ಹಿಂದೆ ಸರಿಯುತ್ತಾರೆ. ‘ಸರ್ಕಾರಿ ವಕೀಲರು ಪೊಲೀಸರ ಕಡೆಯವರಲ್ವಾ, ನಮ್ಮ ಪರ ಹೇಗೆ ಮಾತಾಡುತ್ತಾರೆ?’ ಅನ್ನುತ್ತಾರೆ. ಪೊಲೀಸರ ಕೇಸನ್ನು ನಡೆಸುವವರು ಪಬ್ಲಿಕ್ ಪ್ರಾಸಿಕ್ಯೂಟರ್. ಪ್ರಾಧಿಕಾರದಿಂದ ಬರುವವರು ಬೇರೆ, ಅವರು ಆರೋಪಿಯ ಪರ ನಿಲ್ಲುವವರು. ಕ್ರಿಮಿನಲ್ ಕೇಸಿನ ಆರೋಪಿಗಳಿಗಾಗಿಯೇ ಪೂರ್ಣಾವಧಿ ವಕೀಲರನ್ನು ಇಡುವ ಯೋಜನೆಯನ್ನು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2022ರಲ್ಲಿ ತಂದಿದೆ. ಅವರ ಫೀಸು, ಕೋರ್ಟ್ ಖರ್ಚು, ದಾಖಲೆಗಳ ನಕಲು ಯಾವುದಕ್ಕೂ ನೀವು ದುಡ್ಡು ಕೊಡಬೇಕಾಗಿಲ್ಲ. ಕೇಳಿದರೆ ಕೊಡಬೇಡಿ, ನೇರವಾಗಿ ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದುಕೊಡಿ. ಆದರೆ ಒಂದು ಕೆಲಸ ಮಾತ್ರ ನಿಮ್ಮದೇ. ಅವರ ಕೈಯಲ್ಲಿ ತುಂಬ ಕೇಸುಗಳಿರುತ್ತವೆ. ವಾಯಿದೆಗೆ ಮುಂಚೆ ಹೋಗಿ ಮುಖ ತೋರಿಸಿ, ಹುಡುಗನ ಮಾತನ್ನು ತಲುಪಿಸಿ.

ಈಗ ಭಾಷೆಯ ವಿಷಯ. ನಮ್ಮ ಕಡೆಯ ಸಂಕಟದ ಅರ್ಧ ಇಲ್ಲೇ ಇದೆ.

ನಮ್ಮ ದೊಡ್ಡಪ್ಪನ ಮೇಲೆ ಬೇಲಿ ಜಗಳದಲ್ಲಿ ಒಂದು ಕೇಸಾಗಿತ್ತು. ಅವರು ಓದಿದ್ದು ಕನ್ನಡ ಶಾಲೆಯಲ್ಲಿ, ಮನೆಮಾತು ತುಳು, ಮಲಯಾಳಂ ಸಂತೆಗೆ ಬೇಕಾದಷ್ಟು ಮಾತ್ರ. ಕೋರ್ಟಿನ ವರಾಂಡದಲ್ಲಿ ಒಬ್ಬರು ಅವರನ್ನು ತೋರಿಸಿ ‘ಒನ್ನಾಂ ಪ್ರತಿ’ ಅಂದರು. ದೊಡ್ಡಪ್ಪ ಮೊದಲನೇ ನಕಲು ಕೇಳುತ್ತಿದ್ದಾರೆ ಅಂದುಕೊಂಡು ಕೈಚೀಲದಿಂದ ಎಲ್ಲ ಕಾಗದ ತೆಗೆದು ಮುಂದೆ ಹಿಡಿದರು. ಮಲಯಾಳಂನಲ್ಲಿ ಪ್ರತಿ ಅಂದರೆ ಆರೋಪಿ. ‘ವಿಧಿ’ ಅಂದರೆ ತೀರ್ಪು, ನಮ್ಮ ಹಣೆಬರಹ ಅಲ್ಲ. ಕುಟ್ಟಪತ್ರ ಅಂದರೆ ಚಾರ್ಜ್‌ಶೀಟ್. ಜಾಮ್ಯ ಅಂದರೆ ಜಾಮೀನು. ದೊಡ್ಡಪ್ಪನ ಕೈ ನಡುಗುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ಟೇಷನ್ನಿನಲ್ಲಿ ಅವರು ಸಹಿ ಹಾಕಿದ ಕಾಗದದಲ್ಲಿ ಏನಿತ್ತು ಅಂತ ಅವರಿಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ, ಒಬ್ಬ ಕಿರಿಯ ವಕೀಲರು ಪಕ್ಕದಲ್ಲಿ ಕೂತು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದ ಮೇಲೆ.

ಆದ್ದರಿಂದ ಹುಡುಗನಿಗೆ ಹೇಳಿ, ಓದಲು ಬಾರದ ಕಾಗದಕ್ಕೆ ಸುಮ್ನೆ ಸಹಿ ಹಾಕಬೇಡ ಅಂತ. ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ಬರೆದು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ವಿಚಾರಣೆಯಲ್ಲಿ ಸಾಕ್ಷಿ ಹೇಳಿದ್ದು ಆರೋಪಿಗೆ ತಿಳಿಯದ ಭಾಷೆಯಲ್ಲಿದ್ದರೆ, ಅದನ್ನು ತಿಳಿಯುವ ಭಾಷೆಗೆ ತಿರುಗಿಸಿ ಹೇಳಬೇಕು ಅಂತ ಕಾನೂನಿದೆ. ಆದರೆ ಕೇಳದಿದ್ದರೆ ಇದು ತಪ್ಪಿಹೋಗುವುದೇ ಜಾಸ್ತಿ. ಪ್ರಾಧಿಕಾರಕ್ಕೆ ಅರ್ಜಿ ಕೊಡುವಾಗಲೇ ‘ಕನ್ನಡ ಬಲ್ಲ ವಕೀಲರು ಬೇಕು’ ಅಂತ ಒಂದು ಸಾಲು ಸೇರಿಸಿ. ಇಲ್ಲಿ ಅಂಥವರಿಗೆ ಬರವಿಲ್ಲ. 1956ರ ನವೆಂಬರ್ 1ರವರೆಗೆ ಇದು ದಕ್ಷಿಣ ಕನ್ನಡದ ತಾಲೂಕು. ಈಗಲೂ ಕಾಸರಗೋಡು, ಮಂಜೇಶ್ವರದಲ್ಲಿ ಕನ್ನಡ, ತುಳು ಎರಡೂ ಮಾತಾಡುವ ವಕೀಲರಿದ್ದಾರೆ. ಮಂಗಳೂರಿನಲ್ಲಿ ಕಾನೂನು ಓದಿ ಬಂದವರೂ ಇದ್ದಾರೆ. ಕರ್ನಾಟಕದ ವಕೀಲರೂ ಇಲ್ಲಿ ಬಂದು ವಾದಿಸಬಹುದು. ಆದರೆ ಪ್ರತಿ ವಾಯಿದೆಗೆ ಅವರ ಓಡಾಟದ ಖರ್ಚು ನಿಮ್ಮ ತಲೆಗೇ ಬರುತ್ತದೆ.

ಖಾಸಗಿ ವಕೀಲರನ್ನೇ ಇಡುತ್ತೀರಿ ಅಂದರೆ ಜಾಮೀನಿಗೆ ಎಷ್ಟು, ಪೂರ್ತಿ ಕೇಸಿಗೆ ಎಷ್ಟು ಅಂತ ಬೇರೆ ಬೇರೆಯಾಗಿ ಕೇಳಿ. ರಸೀದಿ ತೆಗೆದುಕೊಳ್ಳಿ. ಮಧ್ಯದವರ ಕೈಗೆ ಒಂದು ರೂಪಾಯಿಯೂ ಕೊಡಬೇಡಿ.

ಜಾಮೀನು ಸಿಕ್ಕ ಮೇಲೂ ಒಂದು ಗೋಡೆ ಇದೆ. ಜಾಮೀನುದಾರರು ಸಾಮಾನ್ಯವಾಗಿ ವಿಲೇಜ್ ಆಫೀಸಿನಲ್ಲಿ ಭೂಕಂದಾಯ ಕಟ್ಟಿದ ರಸೀದಿ ತರುತ್ತಾರೆ. ಕೂಲಿಗೆ ಬಂದ ಹುಡುಗನಿಗೆ ಇಲ್ಲಿ ಜಾಗ ಇರುವವರು ಯಾರು ನಿಲ್ಲುತ್ತಾರೆ? 1978ರಲ್ಲಿ ಮೋತಿರಾಮ್ ಅನ್ನುವ ಒಬ್ಬ ಗಾರೆ ಕೆಲಸದವನ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮ್ಯಾಜಿಸ್ಟ್ರೇಟ್ 10,000 ರೂಪಾಯಿಯ ಜಾಮೀನು ಕೇಳಿದ್ದರು. ಮೋತಿರಾಮನ ಸಹೋದರ ಜಾಮೀನು ನಿಲ್ಲಲು ಬಂದರೆ, ಆ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದು ತಪ್ಪು ಅಂದರು. ಮಲಯಾಳಿಯೋ ಕನ್ನಡಿಗನೋ ದೂರದ ಊರಲ್ಲಿ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿ ಇರುವ ಜಾಮೀನುದಾರರನ್ನು ಎಲ್ಲಿಂದ ತರಬೇಕು ಅಂತ ಆ ತೀರ್ಪಿನಲ್ಲಿ ಕೇಳಿದ್ದಾರೆ. ಅವರು ನಮ್ಮ ಪಕ್ಕದ ತಲಶ್ಶೇರಿಯಲ್ಲಿ ವಕೀಲರಾಗಿದ್ದವರು. ಈ ತೀರ್ಪಿನ ಹೆಸರನ್ನು ನಿಮ್ಮ ವಕೀಲರ ಕಿವಿಗೆ ಹಾಕಿ. ಕೊಪ್ಪಳದ ಪಹಣಿ ಇರುವವರು ಒಬ್ಬರು ಬರಲಿ. ಜಾಮೀನು ಸಿಕ್ಕಿ 7 ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲಿನ ಅಧಿಕಾರಿ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟಿನ 2023ರ ಆದೇಶವೂ ಇದೆ. ಆಗ ಷರತ್ತು ಸಡಿಲ ಮಾಡಿ ಅಂತ ಕೇಳಬಹುದು.

ತಾಯಿಯನ್ನು ಕರೆದುಕೊಂಡು ಬನ್ನಿ. ಅವರ ಆಧಾರ್, ಹುಡುಗನ ಆಧಾರ್, ಕ್ರೈಂ ನಂಬರ್ (ಎಫ್‌ಐಆರ್ ಸಂಖ್ಯೆ) ಮತ್ತು ಸ್ಟೇಷನ್ ಹೆಸರು ಬರೆದ ಚೀಟಿ, ಇಷ್ಟು ಸಾಕು. ಮಂಗಳೂರಿನಿಂದ ಕಾಸರಗೋಡು ಬಸ್ ಹತ್ತಿ. ತಲಪಾಡಿ ದಾಟಿದ ಮೇಲೆ ಬೋರ್ಡುಗಳಲ್ಲಿ ಮಲಯಾಳಂ ಜಾಸ್ತಿಯಾಗುತ್ತದೆ, ಗಾಬರಿಯಾಗಬೇಡಿ. ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಫೋನ್ ಮಾಡಿ. ಅಲ್ಲಿಂದ ವಿದ್ಯಾನಗರಕ್ಕೆ ಇನ್ನೊಂದು ಬಸ್ಸು. ನಾನೂ ನಿಮ್ಮ ಜೊತೆ ಬರುತ್ತೇನೆ.