ಕಾನೂನು ಕೇಳಿ: ಅವ್ವ ಸಾಕ್ಷಿ ಹೇಳಬೇಕು

ಪ್ರಶ್ನೆ: ಹೋದ ವರ್ಷ ಬದುವಿನ ಜಗಳದಲ್ಲಿ ಪಕ್ಕದ ಹೊಲದವನಿಗೆ ಕುಡುಗೋಲಿನ ಏಟು ಬಿದ್ದದ್ದನ್ನು ನಮ್ಮವ್ವ ನೋಡಿದ್ದಾಳೆ. ಈಗ ಚಿತ್ರದುರ್ಗದ ಸೆಷನ್ಸ್ ಕೋರ್ಟಿನಿಂದ ಸಮನ್ಸ್ ಬಂದಿದೆ. ಅವಳಿಗೆ ಓದು ಬರದು. ‘ನೋಡಿಲ್ಲ ಅಂದುಬಿಡು, ಇಲ್ಲದಿದ್ರೆ ನೆಟ್ಟಗಿರಲ್ಲ’ ಅಂತ ಆರೋಪಿ ಕಡೆಯವರು ಮನೆಗೇ ಬಂದು ಹೇಳಿಹೋದರು. ಏನು ಮಾಡಲಿ?
– ಓದುಗ, ಚಳ್ಳಕೆರೆ ತಾಲ್ಲೂಕು

ಉತ್ತರ: ಮೊದಲು ಬೆದರಿಕೆಯ ವಿಷಯ. ಯಾರು, ಯಾವತ್ತು, ಏನಂದರು ಎಂಬುದನ್ನು ಇವತ್ತೇ ಬರೆದಿಡಿ. ಸುಳ್ಳು ಸಾಕ್ಷಿ ಹೇಳಿಸಲು ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯ 232ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಠಾಣೆಗೆ ದೂರು ಕೊಡಿ, ಸರ್ಕಾರಿ ಅಭಿಯೋಜಕರಿಗೂ (ಸರ್ಕಾರದ ಪರ ಕೇಸು ನಡೆಸುವ ವಕೀಲರು) ತಿಳಿಸಿ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಂತೆ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ರಕ್ಷಣೆ ಕೋರಿ ಅರ್ಜಿ ಹಾಕಬಹುದು. ಸಾಕ್ಷಿ ದಿನ ಬರಲಿ ಅಂತ ಕಾಯಬೇಡಿ.

ಆ ದಿನ ಸಮನ್ಸ್, ಆಧಾರ್ ಹಿಡಿದು ಬೇಗ ಹೋಗಿ ಅಭಿಯೋಜಕರನ್ನು ಕಾಣಿ. ಪೊಲೀಸರು ಬರೆದುಕೊಂಡ ಹೇಳಿಕೆಯನ್ನು ಓದಿ ಹೇಳಲು ಕೇಳಿ. ಅದಕ್ಕೆ ಅವ್ವನ ಸಹಿಯಾಗಲಿ ಹೆಬ್ಬೆಟ್ಟಾಗಲಿ ಇರುವುದಿಲ್ಲ, ಹೇಳದ್ದೂ ಸೇರಿರಬಹುದು. ಇದ್ದರೆ ಅಲ್ಲೇ ಹೇಳಬೇಕು. ‘ಹೇಳಿಕೆ ಓದಿ ಹೇಳಿದರಾ?’ ಎಂದು ಆರೋಪಿ ಪರ ವಕೀಲರು ಕೇಳುವುದುಂಟು. ಓದಿಸಿಕೊಳ್ಳುವುದು ತಪ್ಪಲ್ಲ, ಹೌದು ಎಂದರೆ ಆಯಿತು. ಹೆದರಿ ಇಲ್ಲ ಎಂದವರೇ ಸಿಕ್ಕಿಬೀಳುವುದು.

ಹೆಚ್ಚಿನವರು ಎಡವುವುದು ಪಾಟಿ ಸವಾಲಿನಲ್ಲಿ, ಅಂದರೆ ಆರೋಪಿ ಪರ ವಕೀಲರು ಪ್ರಶ್ನೆ ಕೇಳುವಾಗ. ಪ್ರಶ್ನೆಗಳು ‘ನೀವು ಅಲ್ಲಿ ಇರಲೇ ಇಲ್ಲ ಎಂದರೆ ಸರಿಯೇ?’ ಎಂಬ ಧಾಟಿಯಲ್ಲಿ ಬರುತ್ತವೆ. ದಣಿದು ‘ಹೂಂ’ ಅಂದರೆ ‘ಸರಿ’ ಎಂದೇ ದಾಖಲಾಗುತ್ತದೆ. ತಲೆಯಾಡಿಸದೆ ಬಾಯಿಬಿಟ್ಟು ‘ಸರಿಯಲ್ಲ’ ಅನ್ನಬೇಕು. ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಕೇಳಲಿ, ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನಲಿ. ದೂರವನ್ನು ಅಡಿ ಲೆಕ್ಕದಲ್ಲಿ ಊಹಿಸುವುದು ಬೇಡ. ‘ಇಲ್ಲಿಂದ ಆ ಬಾಗಿಲಷ್ಟು’ ಎಂದು ಕೈ ತೋರಿಸಿದರೆ ಸಾಕು. ಕೊನೆಗೆ ಸಾಕ್ಷ್ಯವನ್ನು ಓದಿ ಹೇಳುತ್ತಾರೆ. ತಪ್ಪಿದ್ದರೆ ಹೆಬ್ಬೆಟ್ಟು ಒತ್ತುವ ಮೊದಲೇ ನ್ಯಾಯಾಧೀಶರಿಗೆ ಹೇಳಬೇಕು.

ನೀವು ಒಳಗೆ ಕೂತು ನೋಡಬಹುದು, ಸನ್ನೆ ಮಾಡುವಂತಿಲ್ಲ. ನೀವೂ ಸಾಕ್ಷಿಯಾಗಿದ್ದರೆ ನಿಮ್ಮ ಸರದಿಯವರೆಗೆ ಹೊರಗೇ ಇರಬೇಕು. ಅವ್ವನಿಗೆ ಹುಷಾರಿಲ್ಲದಿದ್ದರೆ ವೈದ್ಯರ ಚೀಟಿಯನ್ನು ಮುಂಚೆಯೇ ಅಭಿಯೋಜಕರಿಗೆ ತಲುಪಿಸಿ. ಹೇಳದೆ ತಪ್ಪಿಸಿಕೊಂಡರೆ ವಾರಂಟ್ ಬರಬಹುದು.

ಪ್ರಶ್ನೆ: ಏಟು ತಿಂದವಳು ನಾನು. ನನ್ನದೇ ವಕೀಲರನ್ನು ಇಟ್ಟುಕೊಳ್ಳಬಹುದೇ? ಓಡಾಟದ ಖರ್ಚು ಸಿಗುತ್ತದೆಯೇ?
– ಓದುಗಿ, ದಾವಣಗೆರೆ

ಉತ್ತರ: ಇಟ್ಟುಕೊಳ್ಳಬಹುದು, ಕೋರ್ಟಿನ ಅನುಮತಿ ಬೇಕು. ಅವರು ಅಭಿಯೋಜಕರಿಗೆ ನೆರವಾಗುತ್ತಾರೆ, ಕೇಸು ನಡೆಸುವುದು ಅಭಿಯೋಜಕರೇ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಸಾಕ್ಷಿ ಭತ್ಯೆಯನ್ನು ಕರೆದು ಕೊಡುವವರಿಲ್ಲ. ಸಾಕ್ಷಿ ಮುಗಿದ ದಿನವೇ, ಕೋರ್ಟು ಬಿಡುವ ಮುನ್ನ ಕೇಳಿ. ಆರೋಪಿ ಖುಲಾಸೆಯಾದರೆ, ಸರ್ಕಾರ ಸುಮ್ಮನಿದ್ದರೂ ನೀವೇ ಮೇಲ್ಮನವಿ ಹಾಕಬಹುದು.