ಅಂತರ್ಯುದ್ಧದ ಟೋಕನ್‌ಗೆ ಹಸಿರು ಹಿಡಿದರೆ ಹುಣಸೆಹುಳಿ ಹಚ್ಚಬಹುದೇ?

1863ರ ಅಮೆರಿಕನ್ ವ್ಯಾಪಾರಿ ಟೋಕನ್ ಏಳೆಂಟು ಕೂಡಿಸಿದ್ದೀರಿ, ಕಾರವಾರದ ಒಂದೇ ಮಳೆಗಾಲಕ್ಕೆ ಎರಡಕ್ಕೆ ಹಸಿರು ಹಿಡಿದಿದೆ, ಹುಣಸೆಹುಳಿಯಲ್ಲಿ ತೊಳೆಯಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಮುರುಗಲು, ಲಿಂಬು, ಬೂದಿ, ಪೀತಾಂಬರಿ ಯಾವುದೂ ಬೇಡ.

ಅಂತರ್ಯುದ್ಧದಲ್ಲಿ ಜನ ಚಿಲ್ಲರೆ ಮುಚ್ಚಿಟ್ಟುಕೊಂಡಾಗ ಅಂಗಡಿಯವರು ಸೆಂಟ್ ಬದಲಿಗೆ ಹೊಡೆಸಿದ ಈ 19 ಮಿ.ಮೀ. ಬಿಲ್ಲೆಗಳನ್ನು 1864ರ ಕಾನೂನು ನಿಲ್ಲಿಸಿತು. ಅಲ್ಲಿಂದೀಚೆಗೆ ಕೂತ ಕಂದು ಬಣ್ಣಕ್ಕೇ ಬೆಲೆ. ಹುಳಿ ತಾಗಿದ ತಾಮ್ರ ಹಸಿ ಗುಲಾಬಿಯಾಗುತ್ತದೆ, ಆಮೇಲೆ ಕಪ್ಪಾದರೂ ಮೊದಲಿನ ಬಣ್ಣ ಬರುವುದಿಲ್ಲ. ಹಿತ್ತಾಳೆಗೆ ಇನ್ನೂ ಕೆಟ್ಟದ್ದು: ಹುಳಿ ಸತುವನ್ನು ಎಳೆದು ಮೈಮೇಲೆ ತಾಮ್ರವನ್ನಷ್ಟೇ ಉಳಿಸುತ್ತದೆ. ಈ ಟೋಕನ್‌ಗಳನ್ನು ಗುರುತಿಸುವ ಫುಲ್ಡ್ ಕ್ಯಾಟಲಾಗಿನ ಸಂಖ್ಯೆಯಲ್ಲಿ ಕೊನೆಯ ಅಕ್ಷರ ಲೋಹದ್ದು, ‘ಎ’ ತಾಮ್ರ, ‘ಬಿ’ ಹಿತ್ತಾಳೆ. ಒಂದೇ ಅಚ್ಚಿನ ತಾಮ್ರದ್ದು ಸಾವಿರಗಟ್ಟಲೆ ಇದ್ದು ಹಿತ್ತಾಳೆಯದು ಹತ್ತಿಪ್ಪತ್ತೇ ಇರಬಹುದು. ತೊಳೆದು ಕೆಂಪಾದ ‘ಬಿ’ ನೋಡುವವರ ಕಣ್ಣಿಗೆ ‘ಎ’ ಆಗಿಬಿಡುತ್ತದೆ. ಆಗ ಗಾಳಿಯಲ್ಲೊಮ್ಮೆ, ನೀರಲ್ಲೊಮ್ಮೆ ತೂಕ ಹಾಕಿ ಸಾಂದ್ರತೆ ತೆಗೆಯಬೇಕು; ತಾಮ್ರ 8.9, ಹಿತ್ತಾಳೆ 8.5ರ ಆಸುಪಾಸು. 3.5 ಗ್ರಾಂ ಬಿಲ್ಲೆ ನೀರಲ್ಲಿ ಕಳೆದುಕೊಳ್ಳುವ ತೂಕದಲ್ಲಿ ಎರಡಕ್ಕೂ ಬರೀ 0.02 ಗ್ರಾಂ ಅಂತರ, ಹಾಗಾಗಿ 0.01 ಗ್ರಾಂ ತಕ್ಕಡಿ ಸಾಲದು, 0.001ರದ್ದು ಬೇಕು.

ಮೊದಲು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಭೂತಗನ್ನಡಿ) ಹಿಡಿದು ಹಸಿರು ಯಾವ ಜಾತಿಯದೆಂದು ನೋಡಿ. ಅಂಟಂಟಾಗಿ ಜಿಡ್ಡಿನಂತಿದ್ದರೆ ಅದು ಮೆತ್ತಗಿನ ಪಿವಿಸಿ ಪೌಚ್‌ನ ಕೆಲಸ. ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ 10 ನಿಮಿಷ ಮುಳುಗಿಸಿ, ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ, ಒರೆಸದೆ ಒಣಗಲು ಬಿಡಿ. ಒಲೆ, ದೀಪ ದೂರವಿರಲಿ. ಉಗುರುಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿ ಎಣ್ಣೆ ಇರುತ್ತದೆ. ಗಟ್ಟಿಯಾಗಿ ಕಡುಹಸಿರಿದ್ದು ಬೆಳೆಯದಿದ್ದರೆ ಅದರ ಪಾಡಿಗೆ ಬಿಡಿ.

ತಿಳಿಹಸಿರು ಪುಡಿ ಉದುರುತ್ತಿದ್ದು, ತೆಗೆದರೂ ವಾರದಲ್ಲಿ ಮತ್ತೆ ಬಂದರೆ ಮಾತ್ರ ಹೆದರಬೇಕು. ಕಡಲ ಗಾಳಿಯ ಉಪ್ಪಿನ ಕ್ಲೋರೈಡ್ ತಾಮ್ರಕ್ಕೆ ಸೇರಿ, ತೇವ ಸಿಕ್ಕಾಗ ಆಮ್ಲ ಹುಟ್ಟಿಸಿ, ಇನ್ನಷ್ಟು ತಾಮ್ರ ತಿನ್ನುತ್ತದೆ, ತಾನಾಗಿ ನಿಲ್ಲುವುದಿಲ್ಲ. ಬಿದಿರು ಕಡ್ಡಿಯಿಂದ ಪುಡಿ ಎಬ್ಬಿಸಿ, ಡಿಸ್ಟಿಲ್ಡ್ ನೀರಿನಲ್ಲಿ ಎರಡು-ಮೂರು ವಾರ ಇಡಿ, ದಿನಾ ನೀರು ಬದಲಿಸಿ. ಬಾವಿ ನೀರು ಖಂಡಿತ ಬೇಡ. ಕೊನೆಗೆ ಅಸಿಟೋನ್‌ನಲ್ಲಿ ಅದ್ದಿದರೆ ಉಳಿದ ನೀರು ಹೋಗುತ್ತದೆ.

ಇಡುವುದಕ್ಕೆ ಮೈಲಾರ್ ಫ್ಲಿಪ್ (ಪಿವಿಸಿ ಇಲ್ಲದ ಪಾರದರ್ಶಕ ಪೌಚ್), ಗಾಳಿಯಾಡದ ಡಬ್ಬ, ತೇವ ಹೀರುವ ಕಿತ್ತಳೆ ಸಿಲಿಕಾ ಜೆಲ್. ಜೆಲ್ ಹಸಿರಾದರೆ ಓವನ್‌ನಲ್ಲಿ 120 ಡಿಗ್ರಿಗೆ ಒಣಗಿಸಿ. ಡಬ್ಬದೊಳಗಿನ ತೇವಾಂಶ 40%ಕ್ಕಿಂತ ಕೆಳಗಿರಲಿ, ಸಣ್ಣ ಮೀಟರ್ ಇಡಿ. ಸಾಗವಾನಿ ಪೆಟ್ಟಿಗೆ ಚೆಂದವೇ, ಆದರೆ ಮರ ಆಮ್ಲದ ಆವಿ ಬಿಡುತ್ತದೆ. ಸ್ಟೇಪಲ್ ಹೊಡೆದ ರಟ್ಟಿನ ಹೋಲ್ಡರ್ ನಮ್ಮ ಕರಾವಳಿಯಲ್ಲಿ ತುಕ್ಕು ಹಿಡಿದು ಬಿಲ್ಲೆಗೇ ಕಲೆ ಮಾಡುತ್ತದೆ. ಪುಡಿ ಬಂದ ಟೋಕನ್ ಗುಣವಾದಂತೆ ಕಂಡರೂ ಎರಡು ಮಳೆಗಾಲ ಬೇರೆ ಡಬ್ಬದಲ್ಲೇ ಇರಲಿ.